ರಾಣಿ ಹೋದ ಮೇಲೆ

ಬೇಕರಿಯವನು ಚೆಸ್ ಕಲಿತದ್ದು ಮಗಳಿಗಾಗಿ. ಹಾಗೆಂದು ಅವನು ಹೆಂಡತಿಗೆ ಹೇಳಿದ್ದ, ತಾಯಿಗೆ ಹೇಳಿದ್ದ, ಲೈಬ್ರರಿಯವರಿಗೂ ಹೇಳಿದ್ದ. ಹೇಳುವಾಗ ಅದು ನಿಜವೂ ಆಗಿತ್ತು.

ಮಗಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಹೈಸ್ಕೂಲಿಗೆ ಬಂದರೂ ಆ ಹೆಸರು ಬಿಟ್ಟುಹೋಗಿರಲಿಲ್ಲ. ಶಾಲೆಯಲ್ಲಿ ಯಾರೋ ಹೇಳಿಕೊಟ್ಟ ಆಟ ಅವಳಿಗೆ ನೀರು ಕುಡಿದಷ್ಟು ಸಲೀಸಾಗಿ ಹತ್ತಿತ್ತು. ಆದರೆ ಮನೆಯಲ್ಲಿ ಎದುರಿಗೆ ಕೂರುವವರು ಬೇಕಲ್ಲ. ಅಮ್ಮ ಸಿಟಿ ಬಸ್ಸಿನ ಕಂಡಕ್ಟರು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಸಂಜೆಯ ಪಾಳಿ. ದಿನವಿಡೀ ನಿಂತು ಬಂದವಳಿಗೆ ಕಾಲು ನೀಡಿ ಕೂರುವುದೇ ದೊಡ್ಡ ಆಟ. ಅಜ್ಜಿಗೆ ಆ ಕಪ್ಪುಬಿಳಿ ಕಾಯಿಗಳೆಂದರೆ ಧೂಳು ಒರೆಸಬೇಕಾದ ಇನ್ನಷ್ಟು ಸಾಮಾನು, ಅಷ್ಟೆ. ಉಳಿದವನು ಅಪ್ಪ. ಬೆಳಕು ಹರಿಯುವ ಮೊದಲೇ ಬೇಕರಿಗೆ ಹೋಗಿ, ಹಿಟ್ಟು ನಾದಿ, ಬ್ರೆಡ್ಡು ಬನ್ನು ಇಳಿಸಿ, ಊಟದ ಹೊತ್ತಿಗೆ ರೆಪ್ಪೆಯ ಮೇಲೂ ಮೈದಾ ಅಂಟಿಸಿಕೊಂಡು ಬರುತ್ತಿದ್ದ. ಮಧ್ಯಾಹ್ನಗಳು ಅವನವು.

"ಅಪ್ಪ, ಬಾ, ಒಂದೇ ಒಂದು ಆಟ," ಎಂದು ಗುಬ್ಬಿ ಕೂರಿಸಿಕೊಂಡಳು. ಅವನು ಟೀ ಲೋಟ ಕೆಳಗಿಡುವ ಮೊದಲೇ ಸೋತಿದ್ದ.

"ಇನ್ನೊಂದು," ಎಂದ.

ಅದರಲ್ಲೂ ಸೋತ. ಗುಬ್ಬಿ ಬಿದ್ದು ಬಿದ್ದು ನಕ್ಕಳು. "ನಿನ್ನ ಜೊತೆ ಆಡಿದ್ರೆ ನಾನು ಇದ್ದದ್ದನ್ನೂ ಮರೀತೀನಿ ಕಣಪ್ಪ!"

ಮಾತು ತಮಾಷೆಯದ್ದೇ. ಆದರೆ ಅದು ಅವನ ಮನಸ್ಸಿಗೆ ನಾಟಿತು. ಮಗಳಿಗೆ ಇಷ್ಟು ಚುರುಕಿದೆ, ಎದುರಿಗೆ ಕೂರಲು ಒಬ್ಬ ತಕ್ಕ ಆಳಿಲ್ಲ. ಮಾರನೆಯ ದಿನ ತರಕಾರಿ ತರಲು ಹೋದವನು ಲೈಬ್ರರಿಗೆ ನುಗ್ಗಿದ. ಅಲ್ಲಿನ ಲೈಬ್ರರಿಯನ್ ತಲೆ ನರೆತ ಮನುಷ್ಯ. ಭಾನುವಾರ ಹಿಂದಿನ ಕೋಣೆಯಲ್ಲಿ ಚೆಸ್ ಆಡಿಸುತ್ತಿದ್ದರು. ಅವರು ಕಪಾಟಿನಿಂದ ಒಂದು ಹಳೆಯ ಪುಸ್ತಕ ತೆಗೆದುಕೊಟ್ಟು, "ಎಲ್ಲರೂ ಮೊದಲ ಪುಟದಿಂದ ಶುರು ಮಾಡ್ತಾರೆ. ನೀವು ಕೊನೆಯಿಂದ ಶುರು ಮಾಡಿ. ಹಲಗೆ ಮೇಲೆ ರಾಜ ಮತ್ತೆ ಒಬ್ಬ ಸೈನಿಕ ಮಾತ್ರ ಇದ್ದಾಗ ಏನು ಮಾಡಬೇಕು ಅನ್ನೋದು ಗೊತ್ತಾದ್ರೆ, ಉಳಿದದ್ದು ತಾನಾಗಿ ಬರುತ್ತೆ," ಎಂದರು. ಮತ್ತೆ ಕರೆದು ಹೇಳಿದರು: "ಇನ್ನೊಂದು. ಸೋತ ಆಟವನ್ನ ಮನೆಗೆ ಹೋಗಿ ಮತ್ತೆ ಆಡಿ ನೋಡಿ. ಎಲ್ಲಿ ದಾರಿ ತಪ್ಪಿತು ಅಂತ ಸಿಗೋವರೆಗೂ ಏಳಬೇಡಿ."

ಅವನಿಗೆ ಇದು ಹಿಡಿಸಿತು. ಬುದ್ಧಿ ಚುರುಕಿಲ್ಲದಿದ್ದರೂ ತಾಳ್ಮೆಗೆ ಬರವಿರಲಿಲ್ಲ. ಹಿಟ್ಟು ಉಬ್ಬುವುದನ್ನು ಯಾರೂ ಬೇಗ ಮಾಡಿಸಲಾರರು. ಆ ಬಿಡುವಿನಲ್ಲಿ ನಾದುವ ಮೇಜಿನ ಮೂಲೆಯಲ್ಲಿ ಪುಸ್ತಕ ಬಿಡಿಸಿಟ್ಟು, ಮೈದಾದಲ್ಲಿ ಬೆರಳಿನಿಂದ ಚೌಕ ಎಳೆದು, ಬಾದಾಮಿಯನ್ನು ರಾಜನೆಂದೂ ಒಣದ್ರಾಕ್ಷಿಯನ್ನು ಸೈನಿಕನೆಂದೂ ಇಟ್ಟುಕೊಂಡು ಯೋಚಿಸುತ್ತಿದ್ದ. ಒಂದು ಲೆಕ್ಕ ಬಿಡಿಸಿದ ದಿನ ಮೈಯೆಲ್ಲ ಹಗುರ. ಬಿಡಿಸಲಾಗದ ದಿನ ಅದು ತಲೆಯಲ್ಲಿ ಕುಳಿತೇ ಮನೆಗೆ ಬರುತ್ತಿತ್ತು. ಹೀಗೊಂದು ಸಲ ಲೆಕ್ಕದಲ್ಲಿ ಮುಳುಗಿದ್ದಾಗ ಒಂದು ಒಲೆ ತುಂಬ ಬನ್ನುಗಳು ಇದ್ದಿಲಾದವು. ಮಾಲೀಕ ಹೊಗೆಯ ನಡುವೆ ನಿಂತು, "ಕುದುರೆ ಆನೆ ಕಾಯೋದಿದ್ರೆ ಸರ್ಕಸ್‌ಗೆ ಹೋಗು ಮಾರಾಯ, ಇಲ್ಲಿ ಬ್ರೆಡ್ಡು ಕಾಯಿ," ಎಂದು ಎಲ್ಲರೆದುರು ಉಗಿದ.

ಮನೆಯಲ್ಲೂ ಹೊಗೆಯಾಡತೊಡಗಿತು. ಮೊದಲು ಮಧ್ಯಾಹ್ನ ಬಟ್ಟೆ ಒಗೆಯುವುದು, ತರಕಾರಿ ತರುವುದು ಅವನ ಪಾಲಿನ ಕೆಲಸ. ಈಗ ಬಕೆಟ್ಟಿನಲ್ಲಿ ಬಟ್ಟೆ ನೆನೆದದ್ದು ನೆನೆದ ಹಾಗೇ ಇರುತ್ತಿತ್ತು. ಮಂಡಿನೋವಿನ ಅಜ್ಜಿಯೇ ಚೀಲ ಹಿಡಿದು ಮೆಟ್ಟಿಲಿಳಿದಳು.

"ನಾಳೆ ನಿಂಗೆ ನಿನ್ನ ಒಂಟೆಯನ್ನೇ ಬೇಯಿಸಿ ಹಾಕ್ತೀನಿ ಕಣೋ," ಎಂದು ಚೀಲ ಕುಕ್ಕಿದಳು. "ಆಲೂಗಡ್ಡೆ ತರೋಕೆ ಈ ಮುದುಕಿನೇ ಬೇಕಾ?"

"ಒಂದು ನಿಮಿಷ ಇರಮ್ಮಾ."

"ನಿನ್ನ ಒಂದು ನಿಮಿಷ ನಂಗೊತ್ತು. ಅಷ್ಟರಲ್ಲಿ ಒಲೆ ಆರಿ ತಣ್ಣಗಾಗಿರುತ್ತೆ."

ಹೆಂಡತಿ ಸಮವಸ್ತ್ರವನ್ನೂ ಬಿಚ್ಚದೆ ಬಕೆಟ್ಟಿನ ಮುಂದೆ ನಿಂತಿದ್ದಳು. "ರೀ, ದಿನಾ ಬಸ್ಸಲ್ಲಿ ನೂರಾರು ಜನರ ಹತ್ರ ಬಾಯಿ ಬಡ್ಕೊಂಡು ಬರ್ತೀನಿ. ಮನೇಲೂ ಬಾಯಿ ಬಡ್ಕೋಬೇಕಾ?"

"ಗುಬ್ಬಿಗೋಸ್ಕರ ತಾನೇ," ಎಂದ ಅವನು.

 ಹೆಂಡತಿ ಸಮವಸ್ತ್ರದ ತೋಳು ಮಡಚಿ ತಾನೇ ಬಟ್ಟೆ ಹಿಂಡಿದಳು.

ಗುಬ್ಬಿ ಶಾಲೆಯಲ್ಲಿ ಆಡಿ ಬಂದ ಆಟಗಳನ್ನು ಅವನು ಪಕ್ಕದಲ್ಲಿ ಕೂತು ಅವಳಿಂದ ಮತ್ತೆ ಆಡಿಸುತ್ತಿದ್ದ. ಬೇಗನೆ ಅವನಿಗೊಂದು ವಿಷಯ ಹೊಳೆಯಿತು. ಇಬ್ಬರೂ ರಾಣಿಯರು ಹಲಗೆಯ ಮೇಲಿರುವವರೆಗೆ ಅವಳನ್ನು ಹಿಡಿಯುವವರಿಲ್ಲ. ರಾಣಿಯರು ಹೊರಗೆ ಹೋದರೆ ಅವಳ ಉತ್ಸಾಹವೂ ಹೊರಗೆ. ಬೇಸರದಿಂದ ಕಾಯಿಗಳನ್ನು ಸುಮ್ಮನೆ ತಳ್ಳುತ್ತಿದ್ದಳು.

"ಇಲ್ಲಿ ಯಾಕೆ ಅವಸರ ಮಾಡ್ದೆ?"

"ರಾಣಿ ಹೋದ ಮೇಲೆ ಆಟದಲ್ಲಿ ಏನಪ್ಪಾ ಇರುತ್ತೆ? ನಿದ್ದೆ ಬರುತ್ತೆ ನಂಗೆ."

"ಇರೋದೇ ಅಲ್ಲಿ ಮಗಳೇ. ಈ ಪುಸ್ತಕ ನೋಡು ಒಂದ್ಸಲ."

"ನೀನೇ ನೋಡು. ನೋಡಿ ನಂಗೆ ಹೇಳು."

ಅವನು ನೋಡಿದ. ಹೇಳಿದ್ದು ಸ್ವಲ್ಪ, ನೋಡಿದ್ದು ಬಹಳ.

ಮೊದಲ ಸಲ ಮಗಳನ್ನು ಸೋಲಿಸಿದ ದಿನ ಅವನಿಗೇ ನಂಬಿಕೆ ಬರಲಿಲ್ಲ. "ಏನೋ ಅದೃಷ್ಟ," ಎಂದ. ಗುಬ್ಬಿ ಮೂತಿ ಉಬ್ಬಿಸಿದಳು, ಮರುದಿನ ಮರೆತಳು. ಎರಡು ದಿನ ಬಿಟ್ಟು ಮತ್ತೆ ಸೋತಳು. ಆಮೇಲಾಮೇಲೆ ಅವಳಿಗೆ ಹೋಂವರ್ಕ್ ಜಾಸ್ತಿಯಾಯಿತು. ಅವನು ಭಾನುವಾರಗಳನ್ನು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕಳೆಯತೊಡಗಿದ. ಅಲ್ಲಿ ಔಷಧಿ ಅಂಗಡಿಯವನನ್ನು ಸೋಲಿಸಿದ. ಆ ಸಂತೋಷವನ್ನು ಹೇಳಿಕೊಳ್ಳಲು ಮನೆಗೆ ಓಡಿ ಬಂದರೆ ಮಗಳು ಹೊದ್ದು ಮಲಗಿದ್ದಳು. "ತಲೆನೋವಂತೆ," ಎಂದಳು ಅಜ್ಜಿ. "ನಿಂದು ಮುಗೀತಾ?"

ಹೀಗಿರುವಾಗ ಲೈಬ್ರರಿಯವರು ಊರಿಗೆಲ್ಲ ಮುಕ್ತವಾದ ಒಂದು ಪಂದ್ಯಾವಳಿ ಇಟ್ಟರು. ವಯಸ್ಸಿನ ಭೇದವಿಲ್ಲ. ಮೊದಲ ಇಬ್ಬರು ದೊಡ್ಡ ಪಂದ್ಯಾವಳಿಗೆ ಹೋಗಬಹುದು. ಗುಬ್ಬಿ ಮತ್ತೆ ಹುರುಪಿನಿಂದ ಎದ್ದಳು. ಅಪ್ಪನೂ ಹೆಸರು ಕೊಟ್ಟ. "ಜೊತೆಗೆ ನಾನಿದ್ರೆ ಅವಳಿಗೂ ಧೈರ್ಯ," ಎಂದ ಹೆಂಡತಿಗೆ.

ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ಅಪ್ಪ ಎಲ್ಲರಿಗಿಂತ ಮುಂದಿದ್ದ, ಅವನ ಹಿಂದೆಯೇ ಗುಬ್ಬಿ, ಅವಳ ಬೆನ್ನಿಗೆ ಔಷಧಿ ಅಂಗಡಿಯವನು. ಗೋಡೆಗೆ ಅಂಟಿಸಿದ ಜೋಡಿಗಳ ಪಟ್ಟಿಯಲ್ಲಿ ಅಪ್ಪನ ಎದುರು ಮಗಳ ಹೆಸರಿತ್ತು. ಸುತ್ತ ನಿಂತವರು ನಕ್ಕರು. "ಮನೆ ಜಗಳ ಬೀದಿಗೆ ಬಂತು ನೋಡಿ!" ಎಂದರು ಯಾರೋ. ಗುಬ್ಬಿಯೂ ನಕ್ಕಳು. ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಡ್ರಾ ಆದರೆ ಅಪ್ಪ ಮೊದಲು, ಮಗಳು ಎರಡನೆಯವಳು, ಇಬ್ಬರಿಗೂ ದಾರಿ. ಮಗಳು ಸೋತರೆ ಅವಳ ಜಾಗ ಔಷಧಿ ಅಂಗಡಿಯವನಿಗೆ.

ಆಟ ಶುರುವಾಯಿತು. ಗುಬ್ಬಿ ಎಂದಿನಂತೆ ಮುನ್ನುಗ್ಗಿದಳು. ನಡುವೆ ಒಂದು ಗಳಿಗೆ ಬಂತು. ಅಪ್ಪನ ಮುಂದೆ ಎರಡು ದಾರಿಗಳಿದ್ದವು. ಒಂದರಲ್ಲಿ ಗಲಿಬಿಲಿಯ ಹೊಡೆದಾಟ, ಯಾರು ಗೆಲ್ಲುತ್ತಾರೋ ಹೇಳಲು ಬಾರದು. ಇನ್ನೊಂದರಲ್ಲಿ ರಾಣಿಗೆ ರಾಣಿ ಕೊಟ್ಟು ಹಲಗೆ ಖಾಲಿ ಮಾಡುವುದು. ಅವನು ತುಂಬ ಹೊತ್ತು ಯೋಚಿಸಲಿಲ್ಲ. ರಾಣಿಯನ್ನು ಕೊಟ್ಟ, ಅವಳ ರಾಣಿಯನ್ನು ತೆಗೆದುಕೊಂಡ. ಆಮೇಲೆ ಆನೆಗಳು ಹೋದವು, ಕುದುರೆಗಳು ಹೋದವು. ಕೊನೆಗೆ ಇಬ್ಬರು ರಾಜರು, ಒಂದಿಷ್ಟು ಸೈನಿಕರು ಉಳಿದರು.

ಗುಬ್ಬಿ ತಲೆಯೆತ್ತಿ ಮೆಲ್ಲಗೆ ಕೇಳಿದಳು. "ಅಪ್ಪ, ಡ್ರಾ?"

ನೋಡುವವರ ಕಣ್ಣಿಗೆ ಅದು ಡ್ರಾ ಆಟವೇ. ಆದರೆ ಅವನಿಗೆ ಆ ಸ್ಥಿತಿ ಚೆನ್ನಾಗಿ ಗೊತ್ತಿತ್ತು. ಒಣದ್ರಾಕ್ಷಿ ಬಾದಾಮಿಗಳಲ್ಲಿ ಎಷ್ಟೋ ಸಲ ಬಿಡಿಸಿದ್ದ. ಅವನ ರಾಜ ಒಂದು ಹೆಜ್ಜೆ ಮುಂದಿಟ್ಟರೆ ಅವಳ ರಾಜನಿಗೆ ನಿಲ್ಲಲು ನೆಲೆಯಿಲ್ಲ. ರಾಜನನ್ನು ಮುಂದಕ್ಕೆ ಸರಿಸಿದ. ಅವನು ಹಲಗೆಯಿಂದ ಕಣ್ಣು ಕೀಳಲಿಲ್ಲ.

"ಆಡು," ಎಂದ.

ಆಡಿದಳು. ಸೋತಳು. ಕೈ ಕುಲುಕಿದಳು. ಬೇರೆಯವರಿಗೆ ಕುಲುಕುವ ಹಾಗೆ.

ಮನೆಗೆ ಬರುವ ದಾರಿಯುದ್ದಕ್ಕೂ ಬಹುಮಾನದ ಕಪ್ ಅವನ ಕೈಯಲ್ಲಿತ್ತು. ಅದನ್ನು ಚೀಲದಲ್ಲಿ ಹಾಕಿಕೊಳ್ಳಬೇಕೆಂದು ಅವನಿಗೆ ಹೊಳೆದದ್ದು ಬಾಗಿಲು ತಟ್ಟಿದ ಮೇಲೆ.

"ಯಾರಿಗೆ ಬಂತು?" ಅಜ್ಜಿ ಕೇಳಿದಳು.

"ಅಪ್ಪಂಗೆ," ಎಂದು ಗುಬ್ಬಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಆಟದ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲೆ ಎಸೆದ ಸದ್ದು ಕೇಳಿಸಿತು.

ಊಟಕ್ಕೆ ಕೂತಾಗ ಹೆಂಡತಿಗೆ ವಿಷಯವೆಲ್ಲ ತಿಳಿದಿತ್ತು. ಬಸ್ಸಿನಲ್ಲಿ ತಿಳಿಯದ ಸುದ್ದಿಯಿಲ್ಲ.

"ಡ್ರಾ ಮಾಡ್ಕೊಂಡಿದ್ರೆ ಇಬ್ರೂ ಹೋಗಬಹುದಿತ್ತಂತೆ?"

ಅವನು ತುತ್ತನ್ನು ಅಗಿಯುತ್ತಲೇ ಇದ್ದ.

"ರೀ, ನಿಮ್ಮನ್ನೇ ಕೇಳ್ತಿರೋದು."

"ಅವಳು ಕೇಳಲಿಲ್ಲ," ಎಂದ.

ಆಚೆ ಬದಿ ಗುಬ್ಬಿ ಬ್ರೆಡ್ಡು ಕತ್ತರಿಸುತ್ತಿದ್ದಳು. ಚಾಕು ಅರ್ಧದಲ್ಲಿ ನಿಂತಿತು. ಅವನು ತಲೆಯೆತ್ತಲಿಲ್ಲ. ಚಾಕು ಮತ್ತೆ ಓಡಿತು. ತುಂಡುಗಳನ್ನು ಒಪ್ಪವಾಗಿ ಜೋಡಿಸಿ, ಮೊದಲು ಅವನ ತಟ್ಟೆಗೇ ಹಾಕಿದಳು.

ಅವತ್ತಿನಿಂದ ಗುಬ್ಬಿ ಒಳ್ಳೆಯ ಹುಡುಗಿಯಾಗಿಬಿಟ್ಟಳು. ಕರೆಯುವ ಮೊದಲೇ ಎದ್ದು ಬರುವಳು. ಬಟ್ಟೆ ಒಗೆದು ಹಾಕುವಳು, ಅಜ್ಜಿಯ ಮಂಡಿಗೆ ಎಣ್ಣೆ ತಿಕ್ಕುವಳು, ಅಪ್ಪನಿಗೆ ಟೀ ತಂದಿಟ್ಟು, "ಸಕ್ಕರೆ ಸಾಕಾ ಅಪ್ಪ?" ಎನ್ನುವಳು. ಹಿಂದೆಲ್ಲ ಅವನ ಅಂಗಿಯ ಮೈದಾ ಕಂಡರೆ, "ಥೂ, ದೆವ್ವ ಬಂತು ದೆವ್ವ," ಎಂದು ಕೂಗುತ್ತಿದ್ದವಳು ಈಗ ಸುಮ್ಮನೆ ಟವೆಲ್ಲು ತಂದುಕೊಡುತ್ತಿದ್ದಳು. ಆ ಮರ್ಯಾದೆ ಅವನನ್ನು ಸುಡುತ್ತಿತ್ತು. ಜಗಳವಾಡಿದ್ದರೆ ಚೆನ್ನಾಗಿತ್ತು. 'ಸುಳ್ಳುಗಾರ' ಎಂದಿದ್ದರೆ ಇನ್ನೂ ಚೆನ್ನಾಗಿತ್ತು.

ದೊಡ್ಡ ಪಂದ್ಯಾವಳಿಗೆಂದು ಓದಲು ಕುಳಿತರೆ ಪುಸ್ತಕದಲ್ಲಿ ಕಣ್ಣು ನಿಲ್ಲುತ್ತಿರಲಿಲ್ಲ. ಮಗಳ ಪಕ್ಕ ಕೂತು, ಅವಳ ತಪ್ಪುಗಳನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡ ಆ ಮಧ್ಯಾಹ್ನಗಳೇ ಕಣ್ಣಮುಂದೆ ಬರುತ್ತಿದ್ದವು. ಅಪ್ಪನಾಗಿ ತಿಳಿದುಕೊಂಡದ್ದನ್ನು ಎದುರಾಳಿಯಾಗಿ ಬಳಸಿದ್ದ. ಇದು ಔಷಧಿ ಅಂಗಡಿಯವನಿಗೆ ಗೊತ್ತಿಲ್ಲ, ಲೈಬ್ರರಿಯವರಿಗೆ ಗೊತ್ತಿಲ್ಲ. ಅವನಿಗೂ ಅವಳಿಗೂ ಮಾತ್ರ ಗೊತ್ತು.

ಕೊನೆಗೆ ಒಂದು ಮಧ್ಯಾಹ್ನ ಲೈಬ್ರರಿಗೆ ಹೋದ.

"ಸಾರ್, ನನಗೆ ಹೋಗೋಕಾಗಲ್ಲ. ಹೆಸರು ತೆಗೆದುಬಿಡಿ."

ಲೈಬ್ರರಿಯನ್ ಕನ್ನಡಕದ ಮೇಲಿಂದ ನೋಡಿದರು. "ಯಾಕೆ, ಬೇಕರಿಯಲ್ಲಿ ರಜೆ ಸಿಗಲಿಲ್ವಾ?"

"ಅದಲ್ಲ ಸಾರ್. ನಾನು ಬಿಟ್ರೆ ಆ ಜಾಗಕ್ಕೆ ಯಾರು ಬರ್ತಾರೆ?"

"ಮೂರನೆಯವರು. ನಿಮ್ಮ ಮಗಳೇ." ಅವರು ಪೆನ್ನು ಎತ್ತಿಕೊಂಡು, "ಅವಳನ್ನ ಕೇಳಿದ್ರಾ?" ಎಂದರು.

"ಕೇಳೋದೇನು ಸಾರ್, ಕುಣಿದಾಡ್ತಾಳೆ."

ದಾರಿಯಲ್ಲಿ ಅವನ ಮನಸ್ಸು ಹೂವಿನಷ್ಟು ಹಗುರವಾಗಿತ್ತು. ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಕಟ್ಟಿಸಿಕೊಂಡು ಬಂದ. ಹೆಂಡತಿಗೆ ಅವತ್ತು ಬೆಳಗಿನ ಪಾಳಿ, ಸಂಜೆಗೆ ಎಲ್ಲರೂ ಒಟ್ಟಿಗೆ ಕೂತಿದ್ದರು.

"ಗುಬ್ಬಿ, ದೊಡ್ಡ ಪಂದ್ಯಾವಳಿಗೆ ನೀನೇ ಹೋಗ್ತೀಯ. ನನ್ನ ಹೆಸರು ತೆಗೆಸಿ ಬಂದೆ."

ಅಜ್ಜಿ, "ಅಬ್ಬ, ಬುದ್ಧಿ ಬಂತು," ಎಂದಳು. ಗುಬ್ಬಿ ಕೈಯಲ್ಲಿದ್ದ ಬಿಸ್ಕತ್ತನ್ನು ವಾಪಸು ಪೊಟ್ಟಣಕ್ಕೆ ಹಾಕಿದಳು.

"ನಂಗೆ ಬೇಡ."

"ಯಾಕೆ ಬೇಡ? ನಿನ್ನದೇ ಜಾಗ ಅದು."

"ನಂದಲ್ಲ. ನಾನು ಸೋತೆ. ನೀನು ತಿಂದು ಬಿಟ್ಟಿದ್ದು ನಂಗ್ಯಾಕೆ?"

"ಏ, ಅಪ್ಪನ ಹತ್ರ ಹಾಗಾ ಮಾತಾಡೋದು?" ಅಮ್ಮ ಗದರಿದಳು. "ಪಾಪ, ನಿಂಗೋಸ್ಕರ ಬಿಟ್ಟುಕೊಟ್ಟಿದ್ದಾರೆ."

"ನಂಗೋಸ್ಕರ!" ಗುಬ್ಬಿಯ ದನಿ ಒಡೆಯಿತು. "ಈ ಮನೇಲಿ ಎಲ್ಲಾನೂ ನಂಗೋಸ್ಕರ. ಆಡಿದ್ದೂ ನಂಗೋಸ್ಕರ, ಗೆದ್ದಿದ್ದೂ ನಂಗೋಸ್ಕರ. ಸುಳ್ಳು ಹೇಳಿದ್ದೂ—" ಅಲ್ಲಿಗೆ ತುಟಿ ಕಚ್ಚಿಕೊಂಡಳು.

"ಏನು ಸುಳ್ಳು?" ಎಂದಳು ಅಮ್ಮ.

ಗುಬ್ಬಿ ಬಿಸ್ಕತ್ತಿನ ಪೊಟ್ಟಣ ಮಡಚತೊಡಗಿದಳು. ಮಗಳು ಇನ್ನೂ ತನ್ನ ಮಾನ ಕಾಯುತ್ತಿದ್ದಾಳೆ ಎಂಬುದು ಅವನಿಗೆ ತಿಳಿಯಿತು. ಅದನ್ನು ತಡೆದುಕೊಳ್ಳಲು ಅವನಿಂದಾಗಲಿಲ್ಲ.

"ಅವಳು ಡ್ರಾ ಕೇಳಿದ್ದಳು," ಎಂದ. "ನಾನೇ ಕೊಡಲಿಲ್ಲ."

ಹೆಂಡತಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

"ಅಷ್ಟೇ ಅಲ್ಲ. ರಾಣಿ ಹೋದ್ರೆ ಅವಳಿಗೆ ಆಡೋಕೆ ಬರಲ್ಲ ಅಂತ ನಂಗೊತ್ತಿತ್ತು. ಅವಳಿಗೆ ಕಲಿಸೋಕೆ ಕೂತಾಗ ಗೊತ್ತಾಗಿದ್ದು. ಬೇಕಂತಲೇ ತೆಗೆಸಿದೆ."

"ಥೂ," ಎಂದಳು ಹೆಂಡತಿ, ಮೆಲ್ಲಗೆ. "ಇಷ್ಟು ದಿನ ನಾನು ನಿಮ್ಮ ಬಟ್ಟೆ ಹಿಂಡಿದ್ದು ಇದಕ್ಕಾ? ಕುಡಿದು ಬಂದಿದ್ರೆ ಬೈಬಹುದಿತ್ತು. ಇದಕ್ಕೆ ಏನಂತ ಬೈಲಿ ನಿಮ್ಮನ್ನ?"

ಅಜ್ಜಿ ಮಗನನ್ನೇ ನೋಡುತ್ತಿದ್ದಳು. "ಗೆಲ್ಲೋ ಆಸೆ ಅಷ್ಟಿತ್ತೇನೋ ನಿಂಗೆ?"

"ಇತ್ತಮ್ಮ," ಎಂದ ಅವನು. ಹುಟ್ಟಿದಾಗಿನಿಂದ ಯಾವುದರಲ್ಲೂ ಮೊದಲಿಗನಾಗಿರಲಿಲ್ಲ ಎಂದು ಹೇಳಬೇಕೆನಿಸಿತು. ಹೇಳಿದರೆ ಅದೂ ಒಂದು ನೆವವಾಗುತ್ತದೆ ಎಂದು ಸುಮ್ಮನಾದ.

ಗುಬ್ಬಿ ಕಣ್ಣೊರೆಸಿಕೊಂಡಳು. "ರಾಣಿ ತೆಗೆದಿದ್ದು ತಪ್ಪಲ್ಲ. ಬೇರೆ ಯಾರಾದ್ರೂ ತೆಗೀತಿದ್ರು. ಡ್ರಾ ಕೊಡದಿದ್ರೂ ಪರವಾಗಿರಲಿಲ್ಲ. ಆಡು ಅಂದ್ಯಲ್ಲ, ಆವಾಗ ನನ್ನ ಮುಖ ಕೂಡ ನೋಡ್ಲಿಲ್ಲ ನೀನು. ಮನೆಗೆ ಬಂದು ನಾನು ಕೇಳ್ಲೇ ಇಲ್ಲ ಅಂದೆ."

"ತಪ್ಪಾಯ್ತು," ಎಂದ ಅವನು.

"ಹೂಂ," ಎಂದಳು. ಅಷ್ಟೇ ಎಂದಳು.

ಹೋಗುವುದೋ ಬೇಡವೋ ಎಂದು ಅವಳು ಕೆಲವು ದಿನ ಯೋಚಿಸಿದಳು. ಅಮ್ಮ ಒತ್ತಾಯ ಮಾಡಲಿಲ್ಲ. ಅಜ್ಜಿ ಮಾತ್ರ ಆಲೂಗಡ್ಡೆ ಸಿಪ್ಪೆ ಹೆರೆಯುತ್ತಾ, "ಜಾಗ ಯಾರು ಬಿಟ್ಟರೇನು, ಕೂತು ಆಡೋಳು ನೀನು ತಾನೇ? ಬಸ್ಸಲ್ಲಿ ಎದ್ದವರ ಸೀಟಲ್ಲಿ ಕೂರಲ್ವೇನೇ ನೀನು?" ಎಂದಳು. ಕೊನೆಗೆ ಗುಬ್ಬಿ ಹೋಗುತ್ತೇನೆಂದಳು. ಅಮ್ಮ ಕರೆದುಕೊಂಡು ಹೋಗಬೇಕು, ಅಪ್ಪ ಬರಕೂಡದು, ಅಪ್ಪ ಹೇಳಿಕೊಡಲೂ ಕೂಡದು. ಅವನು ಎಲ್ಲಕ್ಕೂ ತಲೆಯಾಡಿಸಿದ.

ಲೈಬ್ರರಿಯ ಪುಸ್ತಕ ಅವನ ಮೇಜಿನಿಂದ ಅವಳ ಕೋಣೆಗೆ ಹೋಯಿತು. ಶಾಲೆಯಿಂದ ಬಂದವಳೇ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಧ್ಯಾಹ್ನ ಅವನು ಬಟ್ಟೆ ಒಗೆದ, ತರಕಾರಿ ತಂದ, ಅಜ್ಜಿಯ ಕೈಯಿಂದ ಪೊರಕೆ ಕಸಿದು ಗುಡಿಸಿದ. ಬಾಗಿಲ ಆಚೆ ಕಾಯಿಗಳ ಟಕ್ ಟಕ್ ಸದ್ದು. ಕೆಲವೊಮ್ಮೆ ಆ ಸದ್ದು ನಿಂತು ತುಂಬ ಹೊತ್ತು ಏನೂ ಕೇಳಿಸುತ್ತಿರಲಿಲ್ಲ. ಎಲ್ಲಿ ಸಿಕ್ಕಿಕೊಂಡಿರಬಹುದು ಎಂದು ಪೊರಕೆ ಹಿಡಿದೇ ನಿಂತುಬಿಡುತ್ತಿದ್ದ. ಆಟದ ಆಸೆ ಅವನಲ್ಲಿ ಸತ್ತಿರಲಿಲ್ಲ. ಇಷ್ಟೆಲ್ಲ ಆದ ಮೇಲೂ ಸತ್ತಿಲ್ಲವಲ್ಲ ಎಂದು ನಾಚಿಕೆಯಾಗುತ್ತಿತ್ತು.

ಪಂದ್ಯಾವಳಿ ಮುಗಿಸಿ ತಾಯಿ ಮಗಳು ಒಂದು ಸಂಜೆ ಬಂದಿಳಿದರು. ಬಹುಮಾನವೇನೂ ಇರಲಿಲ್ಲ. ಗೆದ್ದ ಆಟಗಳೂ ಇದ್ದವು, ಸೋತವೂ ಇದ್ದವು. ಆದರೆ ಗುಬ್ಬಿಯ ಮಾತು ನಿಲ್ಲುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ಕೂತು, ಮೇಜಿನ ಮೇಲೆ ಬೆರಳಾಡಿಸುತ್ತಾ ಹೇಳುತ್ತಿದ್ದಳು. ಅವನು ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದ.

"ರಾಣಿ ಹೋಯ್ತು ಅಜ್ಜಿ, ಎಲ್ಲಾ ಹೋಯ್ತು. ನಾನು ಹೆದರ್ಲಿಲ್ಲ. ನನ್ನ ರಾಜ ಇಲ್ಲಿ, ಮುಂದೆ ಸೈನಿಕ, ಎದುರಿನ ಹುಡುಗನ ರಾಜ ಇಲ್ಲಿ. ಅವನು ಪಕ್ಕಕ್ಕೆ ಸರಿದ, ನಾನು ಗೆದ್ದೆ!"

"ಯಾರು ಹೇಳಿಕೊಟ್ಟಿದ್ದೇ ಇದನ್ನೆಲ್ಲ?"

"ಯಾರೂ ಇಲ್ಲ. ನಾನೇ ಓದಿದ್ದು."

ಅವನ ಕೈ ಸೋಪಿನ ನೀರಿನಲ್ಲೇ ನಿಂತಿತ್ತು. ತಲೆಯಲ್ಲಿ ಹಲಗೆ ತಾನಾಗಿ ಬಿಚ್ಚಿಕೊಂಡಿತ್ತು. ಆ ಹುಡುಗ ಪಕ್ಕಕ್ಕೆ ಸರಿಯದೆ ನೇರ ಹಿಂದಕ್ಕೆ ಹೋಗಿದ್ದರೆ ಆಟ ಡ್ರಾ. ಮಾತು ಗಂಟಲಿಗೆ ಬಂತು. ನುಂಗಿಕೊಂಡು ತಟ್ಟೆ ತಿಕ್ಕತೊಡಗಿದ.

ಗುಬ್ಬಿ ಮಾತು ನಿಲ್ಲಿಸಿದಳು. "ಏನಪ್ಪ?"

"ಏನಿಲ್ಲ."

"ಏನೋ ಇದೆ. ನಿನ್ನ ಬೆನ್ನು ನೋಡಿದ್ರೆ ಗೊತ್ತಾಗುತ್ತೆ. ಹೇಳು."

ಅವನು ಹೆಂಡತಿಯತ್ತ ನೋಡಿದ. ಬೇಡ ಎಂದು ಅವಳು ಕಣ್ಣಲ್ಲೇ ಹೇಳಿದಳು. ಏನಿಲ್ಲ ಎಂದು ಇನ್ನೊಂದು ಸಲ ಹೇಳುವುದು ಸುಲಭವಿತ್ತು. ಅವನು ತಿರುಗಿ ಮಗಳ ಮುಖವನ್ನೇ ನೋಡಿದ.

"ಅವನು ನೇರ ಹಿಂದಕ್ಕೆ ಹೋಗಿದ್ರೆ ಡ್ರಾ ಆಗ್ತಿತ್ತು ಗುಬ್ಬಿ."

ಅವಳ ಮುಖ ಚಿಕ್ಕದಾಯಿತು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಒಂದು ದಿನ ಬಾಯಿ ಮುಚ್ಚಿಕೊಂಡಿರೋಕೆ ಆಗಲ್ವೇನ್ರೀ ನಿಮಗೆ?" ಎಂದಳು ಹೆಂಡತಿ.

"ಕೇಳಿದಳು," ಎಂದ. "ಕೇಳಿದ್ದಕ್ಕೆ ಹೇಳಿದೆ."

ಅಜ್ಜಿ ತಟ್ಟೆಗಳನ್ನು ಒರೆಸಿ ಜೋಡಿಸುತ್ತಾ ಕೂತಳು. ಬಾಗಿಲ ಆಚೆಯಿಂದ ಕಾಯಿ ಇಡುವ ಸದ್ದು ಬಂತು, ನಿಂತಿತು, ಮತ್ತೆ ಬಂತು. ಅವನು ತೊಳೆದ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆದ.

ಬಾಗಿಲು ದಡಾರನೆ ತೆರೆಯಿತು.

"ಅಯ್ಯೋ ದಡ್ಡ ಅಪ್ಪ!" ಗುಬ್ಬಿ ಹೊಸ್ತಿಲಲ್ಲಿ ನಿಂತಿದ್ದಳು. "ಆ ಮೂಲೇಲಿ ನಂಗೆ ಇನ್ನೊಬ್ಬ ಸೈನಿಕ ಇದ್ದ. ಅಜ್ಜಿಗೆ ಅರ್ಥ ಆಗಲ್ಲ ಅಂತ ಹೇಳಿರ್ಲಿಲ್ಲ. ಅವನು ಹಿಂದಕ್ಕೆ ಹೋಗಿದ್ರೆ ನಾನು ಅದನ್ನ ಒಂದು ಮನೆ ತಳ್ತಿದ್ದೆ. ಆಮೇಲೆ ಅವನೇ ದಾರಿ ಬಿಡಬೇಕು. ಗೆಲುವು ನಂದೇ!"

ಅವನು ಯೋಚಿಸಿ ನೋಡಿದ. ನಿಜ.

"ಹೌದಲ್ವಾ," ಎಂದ. "ಗೆಲುವು ನಿಂದೇ."

ಅವಳು ಬಾಗಿಲು ಮುಚ್ಚಲಿಲ್ಲ. ಒಳಗೆ ಹೋಗಿ ನೆಲದ ಮೇಲೆ ಹಲಗೆಯ ಮುಂದೆ ಕೂತಳು. ಅವನು ಹೊಸ್ತಿಲವರೆಗೆ ಬಂದು ನಿಂತ. ಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು.

"ನೋಡಬಹುದಾ?" ಎಂದು ಕೇಳಿದ.

ಗುಬ್ಬಿ ರಾಜನನ್ನು ಎತ್ತಿ, ಎಲ್ಲಿಡಬೇಕೆಂದು ಯೋಚಿಸಿ, ಇಟ್ಟಳು.

"ಕೈ ಒರೆಸ್ಕೊಂಡು ಬಾ," ಎಂದಳು. "ಮಾತಾಡ್ಬೇಡ. ಸುಮ್ನೆ ಕೂತ್ಕೋ."